ಚೆನ್ನಮ್ಮನ ಕೈ ಭುಜದ ಮಟ್ಟದಲ್ಲೇ ನಿಲ್ಲುತ್ತಿದೆ: ಸರ್ವೊ ಮೋಟರ್ ಇನ್ನಷ್ಟು ತಿರುಗುವಂತೆ ಮಾಡುವುದು ಹೇಗೆ?

ಪ್ರಶ್ನೆ: ಹಳೇ ಹುಬ್ಬಳ್ಳಿಯಿಂದ

ನಮ್ಮ ಓಣಿಯ ಗಣಪತಿಯ ಮುಂದೆ ಈ ಸಲ 1824ರ ಕಿತ್ತೂರು ಕದನದ ರೂಪಕ ನಿಲ್ಲಿಸುತ್ತಿದ್ದೇವೆ. ಕೋಟೆ ಬಾಗಿಲು, ಕುದುರೆ ಎಲ್ಲ ಮುಗಿದಿವೆ. ಉಳಿದದ್ದು ರಾಣಿಯ ಬಲಗೈ. ಕತ್ತಿ ಹಿಡಿದ ಕೈ ತೊಡೆಯ ಪಕ್ಕದಿಂದ ಹೊರಟು ತಲೆಯ ಮೇಲಕ್ಕೆ ಏರಬೇಕು. ಕೈ ಥರ್ಮಾಕೋಲಿನದು, ಕತ್ತಿ ರಟ್ಟಿನದು. ಒಟ್ಟು 80 ಗ್ರಾಂ. ಭುಜದೊಳಗೆ ಪ್ಲಾಸ್ಟಿಕ್ ಗೇರಿನ ಸಾಮಾನ್ಯ ಸರ್ವೊ, ಅಂದರೆ ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟರ್, ಕೂರಿಸಿದ್ದೇನೆ. ನಡೆಸುವುದು ಆಟಿಕೆ ವಿಮಾನದ ರಿಮೋಟಿನಿಂದ. ಆದರೆ ಸರ್ವೊ 90 ಡಿಗ್ರಿಯಷ್ಟೇ ತಿರುಗುತ್ತದೆ. ಕೈ ಅಡ್ಡಕ್ಕೆ ಚಾಚಿ ಅಲ್ಲೇ ನಿಲ್ಲುತ್ತದೆ. ಯುದ್ಧಕ್ಕೆ ಹೊರಟ ರಾಣಿ ಯಾರಿಗೋ ದಾರಿ ತೋರಿಸಿದಂತೆ ಕಾಣುವುದನ್ನು ನನ್ನಿಂದ ನೋಡಲಾಗುತ್ತಿಲ್ಲ. ಕನಿಷ್ಠ 160 ಡಿಗ್ರಿ ಬೇಕು.

ಉತ್ತರ: ವಿದ್ಯಾನಗರದಿಂದ

ಸರ್ವೊ ಬಿಚ್ಚುವ ಮೊದಲು ಪಲ್ಸ್ ನೋಡಿ, ಅಂದರೆ ಎಲ್ಲಿಗೆ ತಿರುಗಬೇಕೆಂದು ಸರ್ವೊಗೆ ಹೇಳುವ ವಿದ್ಯುತ್ ಮಿಡಿತ; ಅದರ ಉದ್ದವೇ ಕೋನವನ್ನು ತಿಳಿಸುತ್ತದೆ. ರಿಮೋಟಿನ ರಿಸೀವರ್ ಸಾಮಾನ್ಯವಾಗಿ 1000ದಿಂದ 2000 ಮೈಕ್ರೋಸೆಕೆಂಡಿನ ಪಲ್ಸ್ ಕೊಡುತ್ತದೆ. 1500 ಎಂದರೆ ನಡು. ರಿಮೋಟಿನ ಬದಲು ಆರ್ಡುಯಿನೋದಿಂದ (ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಬೋರ್ಡು) 600ರಿಂದ 2400ರವರೆಗೆ ಕೊಟ್ಟರೆ ಎಷ್ಟೋ ಸರ್ವೊಗಳು ಬಿಚ್ಚದೆಯೇ 160ರ ಆಸುಪಾಸು ತಿರುಗುತ್ತವೆ. ಸ್ವಲ್ಪ ಸ್ವಲ್ಪವಾಗಿಯೇ ಹೆಚ್ಚಿಸಿ. ತುದಿಯಲ್ಲಿ ಗುಂಯ್ ಎಂದರೆ ಗೇರು ಒಳಗಿನ ತಡೆಗೆ ತಾಗಿದೆ ಎಂದರ್ಥ, ಕೂಡಲೇ ಹಿಂದಕ್ಕೆ ಬನ್ನಿ.

ಹಳೇ ಹುಬ್ಬಳ್ಳಿಯಿಂದ

ಧನ್ಯವಾದ ಸರ್. ಆದರೆ ರಿಮೋಟ್ ಹಿಡಿಯುವವರು ಓಣಿಯ ಹುಡುಗರು. ಡೊಳ್ಳಿನ ಪೆಟ್ಟಿಗೆ ಸರಿಯಾಗಿ ಕತ್ತಿ ಏಳಿಸಬೇಕೆಂದು ಅಭ್ಯಾಸವನ್ನೂ ಮಾಡಿಕೊಂಡಿದ್ದಾರೆ. ಅದನ್ನು ಅವರಿಂದ ಕಿತ್ತುಕೊಳ್ಳಲು ಮನಸ್ಸಿಲ್ಲ. ಈ ರಿಮೋಟಿನಲ್ಲಿ ತಿರುಗುವ ಮಿತಿ ಬದಲಿಸುವ ಸೌಲಭ್ಯವೂ ಇಲ್ಲ.

ಉತ್ತರ: ಧಾರವಾಡದಿಂದ, ರೇಡಿಯೋ ರಿಪೇರಿ

ತಮ್ಮಾ, ಹಾಗಾದರೆ ಬಿಚ್ಚಲೇಬೇಕು. ಹೆದರುವಂಥದ್ದೇನಿಲ್ಲ. ಒಳಗಿರುವುದು ಒಂದು ಮೋಟರ್, ನಾಲ್ಕಾರು ಗೇರು, ಒಂದು ಸಣ್ಣ ಬೋರ್ಡು ಮತ್ತು ಒಂದು ಪಾಟ್. ಹಳೆಯ ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಇರುತ್ತಿತ್ತಲ್ಲ, ಅದೇ ಜಾತಿಯದು. ಕೊನೆಯ ಗೇರಿನ ಜೊತೆ ಅದೂ ತಿರುಗಿ, ಕೈ ಎಲ್ಲಿದೆ ಎಂದು ಬೋರ್ಡಿಗೆ ತಿಳಿಸುತ್ತದೆ. ಪಾಟ್ ಅರ್ಧದಷ್ಟೇ ವರದಿ ಮಾಡುವಂತೆ ಮಾಡಿದರೆ, ಬೋರ್ಡು ಇನ್ನೂ ದೂರ ಹೋಗಬೇಕೆಂದು ತಿಳಿದು ಮೋಟರನ್ನು ದುಪ್ಪಟ್ಟು ತಿರುಗಿಸುತ್ತದೆ.

ಮೊದಲು ಕರೆಂಟ್ ಕೊಡದೆ ಕೈಯಿಂದ ಮೆಲ್ಲಗೆ ತಿರುಗಿಸಿ, ಒಂದು ತಡೆಯಿಂದ ಇನ್ನೊಂದಕ್ಕೆ ಎಷ್ಟು ಡಿಗ್ರಿ ಇದೆ ಎಂದು ಕೋನಮಾಪಕದಿಂದ ಅಳೆಯಿರಿ. 180 ಬಂದರೆ ಗೇರಿನ ಮೇಲಿನ ತಡೆಯನ್ನು ಮುಟ್ಟಬೇಡಿ. ಅದನ್ನು ಕತ್ತರಿಸಿ ಎನ್ನುವವರು ಬಹಳ ಇದ್ದಾರೆ. ಬೇಡ. ರಿಮೋಟ್ ಎಡವಟ್ಟಾದ ದಿನ ಕೈಯನ್ನು ಉಳಿಸುವುದು ಆ ತಡೆಯೇ.

ಪಾಟಿಗೆ ಮೂರು ಕಾಲು. ನಡುವಿನದನ್ನು ಹಾಗೇ ಬಿಡಿ. ಹೊರಗಿನ ಎರಡನ್ನು ಬೋರ್ಡಿನಿಂದ ಬಿಡಿಸಿ, ಒಂದೊಂದಕ್ಕೂ 2.2 ಕಿಲೋ ಓಮಿನ ರೆಸಿಸ್ಟರ್ ಸೇರಿಸಿ ಮತ್ತೆ ಅದದೇ ಜಾಗಕ್ಕೆ ಬೆಸೆಯಿರಿ. ಎರಡೂ ಒಂದೇ ಬೆಲೆಯವಾಗಿರಬೇಕು, ಇಲ್ಲದಿದ್ದರೆ ನಡು ಜರುಗುತ್ತದೆ. ಪಾಟ್ 5 ಕಿಲೋ ಓಮಿನದಾದರೆ ಲೆಕ್ಕ ಹೀಗೆ: 5 ಇದ್ದದ್ದು 9.4 ಆಯಿತು; 90ನ್ನು 9.4ರಿಂದ ಗುಣಿಸಿ 5ರಿಂದ ಭಾಗಿಸಿ. 169 ಡಿಗ್ರಿ. ಬಲ ಕಡಿಮೆಯಾಗುವುದಿಲ್ಲ. ನಿಖರತೆ ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಕತ್ತಿಗೆ ಅದು ಲೆಕ್ಕಕ್ಕಿಲ್ಲ.

ಉತ್ತರ: ಗದಗದಿಂದ

ಸರ್ವೊ ಬಿಚ್ಚದೆ ಹೊರಗೆ ಎರಡು ಗೇರು ಹಾಕಿದರೂ ಆಗುತ್ತದೆ. ಸರ್ವೊಗೆ 40 ಹಲ್ಲಿನದು, ಭುಜಕ್ಕೆ 20 ಹಲ್ಲಿನದು. ಆದರೆ ಬಲ ಅರ್ಧವಾಗುತ್ತದೆ. ಕೈ ಅಡ್ಡ ಚಾಚಿದಾಗಲೇ ಭಾರ ಹೆಚ್ಚು: 80 ಗ್ರಾಂ, ತೂಕದ ನಡು 15 ಸೆಂ.ಮೀ. ದೂರದಲ್ಲಿದ್ದರೆ 1.2 ಕಿಲೋ-ಸೆಂ.ಮೀ. ಮೂರು ಕಿಲೋ-ಸೆಂ.ಮೀ. ಬಲದ ಸರ್ವೊ ಅರ್ಧವಾದರೆ ಉಳಿಯುವುದು ಒಂದೂವರೆ. ರಭಸದಿಂದ ಎತ್ತಲು ಅದು ಸಾಲದು. ರೆಸಿಸ್ಟರ್ ದಾರಿಯೇ ಒಳ್ಳೆಯದು. ಒಂದು ಎಚ್ಚರಿಕೆ: ಪಾಟನ್ನೇ ತೆಗೆದು ಎರಡು ರೆಸಿಸ್ಟರ್ ಹಾಕುವ ವಿಧಾನವೂ ಇದೆ. ಅದು ಗಾಡಿಯ ಚಕ್ರಕ್ಕೆ ಸರಿ. ನಿಂತಲ್ಲಿ ನಿಲ್ಲುವ ಗುಣವೇ ಹೋಗಿಬಿಡುತ್ತದೆ.

ಹಳೇ ಹುಬ್ಬಳ್ಳಿಯಿಂದ

ಧಾರವಾಡದ ಕಾಕಾ ಅವರಿಗೆ ನಮಸ್ಕಾರ. ನಿನ್ನೆ ರಾತ್ರಿ ಬಿಚ್ಚಿದೆ. ತಡೆಯಿಂದ ತಡೆಗೆ 190 ಇತ್ತು, ಹಾಗಾಗಿ ಕತ್ತರಿಸಲಿಲ್ಲ. ಪಾಟ್ ಮಲ್ಟಿಮೀಟರಿನಲ್ಲಿ 4.9 ತೋರಿಸಿತು. ಮೊದಲ ಸಲ ಬೆಸೆಯುವಾಗ ಹೊರಗಿನ ಎರಡು ತಂತಿ ಅದಲುಬದಲಾಗಿ, ಕರೆಂಟ್ ಕೊಟ್ಟ ಕೂಡಲೇ ಕೈ ಒಂದು ತುದಿಗೆ ಓಡಿ ಅಲ್ಲೇ ಒತ್ತಿಕೊಂಡು ನಿಂತಿತು. ತಕ್ಷಣ ಬ್ಯಾಟರಿ ಕಿತ್ತೆ, ಗೇರು ಉಳಿದವು. ನೀವು ಕತ್ತರಿಸಬೇಡಿ ಎಂದಿದ್ದ ತಡೆಯೇ ಕಾಪಾಡಿತು. ತಂತಿ ಬದಲಿಸಿದ ಮೇಲೆ ಸರಿಹೋಯಿತು.

ರಿಮೋಟಿನ ಕಡ್ಡಿಯನ್ನು ನಡುವಿನಲ್ಲಿಟ್ಟು, ಕೈಯನ್ನು ಅಡ್ಡಕ್ಕೆ ಹಿಡಿದು ತಿರುಪು ಬಿಗಿದೆ. ಈಗ ಸುಮಾರು 170 ಡಿಗ್ರಿ. ತೊಡೆಯಿಂದ ತಲೆಯ ಮೇಲಕ್ಕೆ ಹೋಗಲು ಒಂದು ಸೆಕೆಂಡೂ ಬೇಡ. ಮೇಲೆ ಹೋದಾಗ ಕತ್ತಿಯ ತುದಿ ತುಸು ನಡುಗುತ್ತದೆ. ಹುಡುಗರು ಅದು ಹಾಗೆಯೇ ಇರಲಿ ಎಂದು ಹಠ ಹಿಡಿದಿದ್ದಾರೆ. ಇಂದು ಸಂಜೆ ಬಳೆಗಳಿಗೆ ಹಸಿರು ಬಣ್ಣ ಹಚ್ಚುವುದೊಂದು ಬಾಕಿ ಇದೆ.