ಸಮಸ್ಯಾಪೂರಣ: ನಿಂತವನ ಹಿಡಿಯಲಾರದೆ ದಣಿದನೋಡಿ

ಸಂಚಾಲಕರು:

ಕವಿಮಿತ್ರರೆಲ್ಲರಿಗೂ ನಮಸ್ಕಾರ. ಬುದ್ಧಪೂರ್ಣಿಮೆ ಹತ್ತಿರವಾಗುತ್ತಿರುವುದರಿಂದ ಈ ಬಾರಿಯ ಸಮಸ್ಯೆಯನ್ನು, ಅಂದರೆ ಉಳಿದ ಪಾದಗಳನ್ನು ಕಟ್ಟಿ ನೀವು ಅರ್ಥ ಹೊಂದಿಸಬೇಕಾದ ಅಸಂಗತವಾದ ಸಾಲನ್ನು, ಬುದ್ಧನ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೊಡುತ್ತಿದ್ದೇನೆ:

ನಿಂತವನ ಹಿಡಿಯಲಾರದೆ ದಣಿದನೋಡಿ

ಇದು ಪಂಚಮಾತ್ರಾ ಚೌಪದಿಯ ಕೊನೆಯ ಪಾದ. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ಐದು ಮಾತ್ರೆಯ ನಾಲ್ಕು ಗಣಗಳು ಬರಬೇಕು. ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಅಂಥ ಮೂರು ಗಣಗಳಾದ ಮೇಲೆ ಮೂರು ಮಾತ್ರೆ ಉಳಿಯಬೇಕು. ಬಿಂದುವಿನ (ಅನುಸ್ವಾರದ) ಮುಂದೆ ತಕಾರ ಬರುವ ವೃಷಭಪ್ರಾಸವನ್ನು ನಾಲ್ಕು ಪಾದಗಳಲ್ಲಿಯೂ ಪಾಲಿಸಬೇಕೆಂದು ವಿನಂತಿ.

ಪೂರಣ 1:

ಕಾಂತಾರದೊಳು ತೇರ ಕುದುರೆಯಂ ಕರಿ ಮಿಗವ
ಅಂತಕನ ತೆರದಿ ಬೆಂಬತ್ತಿ ಹಿಡಿದವನು
ಶಾಂತಗತಿಯಿಂ ನಡೆವ ಮುನಿಯೊರ್ವನಂ ಕಂಡು
ನಿಂತವನ ಹಿಡಿಯಲಾರದೆ ದಣಿದನೋಡಿ

ಸಮಸ್ಯೆಯನ್ನು ಓದಿದೊಡನೆ, ಕೊಂದವರ ಬೆರಳುಗಳ ಮಾಲೆ ತೊಡುತ್ತಿದ್ದ ದರೋಡೆಕೋರ ಅಂಗುಲಿಮಾಲನೇ ನೆನಪಾದ. ಓಡುವ ಆನೆ, ಕುದುರೆ, ರಥ, ಜಿಂಕೆಗಳನ್ನು ಬೆನ್ನಟ್ಟಿ ಹಿಡಿದಿದ್ದ ತಾನು ಸಹಜವಾದ ನಡಿಗೆಯಲ್ಲಿ ಹೋಗುತ್ತಿರುವ ಒಬ್ಬ ಶ್ರಮಣನನ್ನು (ಬುದ್ಧನನ್ನು) ಮುಟ್ಟಲಾರದೆ ಹೋದೆನಲ್ಲ ಎಂದು ಅವನು ಬೆರಗಾಗುವ ಮಾತು ಬುದ್ಧನ ಸುತ್ತಗಳ (ಉಪದೇಶಗಳ) ಪಾಳಿ ಸಂಗ್ರಹವಾದ ಮಜ್ಝಿಮನಿಕಾಯದ ಅಂಗುಲಿಮಾಲ ಸುತ್ತದಲ್ಲಿಯೇ ಇದೆ.

ಸಂಚಾಲಕರು:

ಪೂರಣ ಸೊಗಸಾಗಿದೆ, ಹಿಡಿದ ಸಂದರ್ಭವೂ ಸರಿಯಾದದ್ದು. ಆದರೆ ಮೂರನೆಯ ಪಾದದಲ್ಲಿ ನಡೆಯುತ್ತಿರುವ ಮುನಿ ನಾಲ್ಕನೆಯ ಪಾದದಲ್ಲಿ ನಿಂತವನಾದದ್ದು ಹೇಗೆಂಬುದಕ್ಕೆ ಪದ್ಯದೊಳಗೆ ಉತ್ತರವಿಲ್ಲ. ಕಥೆ ತಿಳಿಯದ ಓದುಗನಿಗೆ ವಿರೋಧವು ಹಾಗೆಯೇ ಉಳಿಯುತ್ತದೆ.

ನಿಜಕ್ಕೂ ಈ ವಿರೋಧ ನಾನು ಕಟ್ಟಿದ್ದಲ್ಲ. ಓಡಿ ಸೋತ ಅಂಗುಲಿಮಾಲ ತಾನೇ ನಿಂತು, ‘ನಿಲ್ಲು ಶ್ರಮಣ’ ಎಂದು ಕೂಗಿದಾಗ ಬುದ್ಧ ಕೊಟ್ಟ ಉತ್ತರ ‘ಠಿತೋ ಅಹಂ, ಅಂಗುಲಿಮಾಲ, ತ್ವಂಚ ತಿಟ್ಠ’ ಎಂಬುದು, ಅಂದರೆ ‘ನಾನು ನಿಂತಿದ್ದೇನೆ ಅಂಗುಲಿಮಾಲ, ನೀನೂ ನಿಲ್ಲು’. ಅಲ್ಲಿಯವರೆಗೆ ಗದ್ಯದಲ್ಲಿ ಸಾಗುತ್ತಿದ್ದ ಸುತ್ತ ಇದಾದೊಡನೆ ಗಾಥೆಗೆ ಹೊರಳುತ್ತದೆ: ನಡೆಯುತ್ತಿರುವ ನೀನು ನಿಂತಿದ್ದೇನೆ ಎನ್ನುತ್ತೀಯೆ, ನಿಂತಿರುವ ನನ್ನನ್ನು ನಿಂತಿಲ್ಲ ಎನ್ನುತ್ತೀಯೆ, ಇದರ ಅರ್ಥವೇನು ಎಂದು ದರೋಡೆಕೋರ ಪದ್ಯದಲ್ಲಿ ಕೇಳುತ್ತಾನೆ, ಬುದ್ಧ ಪದ್ಯದಲ್ಲಿಯೇ ಉತ್ತರಿಸುತ್ತಾನೆ. ಒಬ್ಬನು ಒಡ್ಡಿದ ಅಸಂಗತವಾದ ಮಾತನ್ನು ಇನ್ನೊಬ್ಬನು ಸಂಗತಗೊಳಿಸುವುದೇ ಸಮಸ್ಯಾಪೂರಣವಾದರೆ, ಅದು ಕೋಸಲದ ಆ ಕಾಡುದಾರಿಯಲ್ಲಿ ಕತ್ತಿ ಹಿಡಿದವನ ಎದುರಿನಲ್ಲಿಯೇ ನಡೆದಿದೆ ಎಂದು ನನಗೆ ಅನ್ನಿಸುತ್ತದೆ. ಆ ಉತ್ತರವನ್ನು ಯಾರಾದರೂ ಪದ್ಯದೊಳಕ್ಕೆ ತರಬೇಕೆಂದು ನನ್ನ ಆಸೆ.

ಪೂರಣ 2:

ಎಂತು ನಡೆಯುತ ನಿಂತೆನೆಂಬೆ ಪೇಳೆನೆ ಮುನಿಪ
ಜಂತುಗಳೊಳೆಲ್ಲ ದಂಡವನಿಳುಹಿ ನಿಂತೆ
ಅಂತಿಲ್ಲ ನೀನೆನಲ್ ಖಡುಗಮಂ ಬಿಸುಟನೈ
ನಿಂತವನ ಹಿಡಿಯಲಾರದೆ ದಣಿದನೋಡಿ

ಎಲ್ಲ ಜೀವಿಗಳ ವಿಷಯದಲ್ಲಿ ದಂಡವನ್ನು (ಹೊಡೆಯುವ ಕೋಲನ್ನು) ಕೆಳಗಿಟ್ಟು ನಾನು ಎಂದೆಂದಿಗೂ ನಿಂತಿದ್ದೇನೆ, ಪ್ರಾಣಿಗಳ ಬಗೆಗೆ ನಿನಗೆ ಸಂಯಮವಿಲ್ಲದ್ದರಿಂದ ನೀನು ನಿಂತಿಲ್ಲ ಎಂಬ ಗಾಥೆಯ ಭಾವವನ್ನು ಎರಡು ಪಾದಗಳಿಗೆ ಇಳಿಸಲು ಯತ್ನಿಸಿದ್ದೇನೆ. ಕೊನೆಯ ಪಾದವನ್ನು ಹಿಂದಿನ ಮಾತಿಗೆ ಕಾರಣವೆಂದು ಅನ್ವಯಿಸಿಕೊಳ್ಳಬೇಕು. ತಕ್ಷಶಿಲೆಯ ಗುರು ಅಂಗುಲಿಮಾಲನಿಂದ ಸಾವಿರ ಬೆರಳು ಕೇಳಿದ ಕಥೆಯನ್ನು ಬೇಕೆಂದೇ ಬಿಟ್ಟೆ. ಅದು ನಂತರದ ಅಟ್ಠಕಥೆಯಲ್ಲಿ, ಅಂದರೆ ವ್ಯಾಖ್ಯಾನದಲ್ಲಿ, ಬರುತ್ತದೆಯೇ ಹೊರತು ಮೂಲ ಸುತ್ತದಲ್ಲಿ ಇಲ್ಲ.

ಪ್ರತಿಕ್ರಿಯೆ:

ಪೂರಣ ಮೆಚ್ಚುಗೆಯಾಯಿತು. ಒಂದು ಸಂದೇಹವಿದೆ. ಇಂಥದೇ ಇನ್ನೊಂದು ಸಂಗ್ರಹವಾದ ಸಂಯುತ್ತನಿಕಾಯದ ಮೊದಲ ಸುತ್ತದಲ್ಲಿ ದೇವತೆಯೊಬ್ಬಳು ಪ್ರವಾಹವನ್ನು ದಾಟಿದ ಬಗೆಯನ್ನು ಕೇಳಿದಾಗ, ನಿಂತಾಗ ಮುಳುಗಿದೆ, ಸೆಣಸಿದಾಗ ಕೊಚ್ಚಿಹೋದೆ, ಹೀಗೆ ನಿಲ್ಲದೆಯೂ ಸೆಣಸದೆಯೂ ದಾಟಿದೆ ಎಂದು ಬುದ್ಧ ಹೇಳುತ್ತಾನೆ. ಅಲ್ಲಿ ಮುಳುಗಿಸುವ ನಿಲುವು ಇಲ್ಲಿ ಹಿರಿಮೆಯಾದದ್ದು ಹೇಗೆ?

ಪೂರಣ 2ರ ಕವಿ:

ಪ್ರಶ್ನೆಗೆ ಕೃತಜ್ಞ. ಅಂಗುಲಿಮಾಲನಿಗೆ ಹೇಳಿದ ನಿಲುವು ಹಿಂಸೆಯನ್ನು ಕುರಿತದ್ದು. ಕೋಲನ್ನು ಕೆಳಗಿಟ್ಟ ಬುದ್ಧನ ಕಾಲು ಮಾತ್ರ ನಿಲ್ಲಲಿಲ್ಲ. ಮೂವತ್ತೈದರ ವಯಸ್ಸಿನಲ್ಲಿ ಬೋಧಿ ಪಡೆದ ಮೇಲೆ ಎಂಬತ್ತರಲ್ಲಿ ಕುಶಿನಾರೆಯ ಸಾಲವೃಕ್ಷಗಳ ನಡುವೆ ಮಲಗುವ ತನಕ, 45 ವರ್ಷ ಅವನು ನಡೆದೇ ಬೋಧಿಸಿದ. ಪ್ರವಾಹದ ಮಾತು ಸಾಧನೆಯಲ್ಲಿ ಜಡವಾಗುವುದನ್ನೂ ಅತಿಯಾಗಿ ಹೆಣಗುವುದನ್ನೂ ಕುರಿತದ್ದು. ಉರುವೇಲೆಯಲ್ಲಿ ದೇಹವನ್ನು ಒಣಗಿಸಿ ಅದರ ವ್ಯರ್ಥತೆಯನ್ನು ಕಂಡವನು ಆ ಮಾತನ್ನು ಅನುಭವದಿಂದಲೇ ಹೇಳಿದ್ದಾನೆ. ಆದ್ದರಿಂದ ಎರಡಕ್ಕೂ ವಿರೋಧವಿಲ್ಲವೆಂದು ನನ್ನ ತಿಳಿವಳಿಕೆ.

ಪೂರಣ 3:

ಕಂತುವೇಳ್ವರುಷಮುಂ ಪದಪದಕೆ ಬೆಂಬತ್ತಿ
ಅಂತರವನರಸಿಯುಂ ಕಾಣದೆಯೆ ಕುಗ್ಗಿ
ಭ್ರಾಂತಕಾಕಂ ಶಿಲೆಯ ಕೊಬ್ಬೆಂದವೋಲಂದು
ನಿಂತವನ ಹಿಡಿಯಲಾರದೆ ದಣಿದ ನೋಡಿ

ಇಲ್ಲಿ ಕೊಟ್ಟ ಪಾದದ ಕೊನೆಯನ್ನು ‘ದಣಿದನು ಓಡಿ’ ಎನ್ನದೆ ‘ದಣಿದ, ನೋಡಿ’ ಎಂದು ಒಡೆದಿದ್ದೇನೆ. ಸುತ್ತನಿಪಾತವೆಂಬ ಸಂಗ್ರಹದ ಪಧಾನಸುತ್ತದಲ್ಲಿ, ಬುದ್ಧನ ಸಾಧನೆಯನ್ನು ಕೆಡಿಸಲು ಬಂದ ಮಾರನು ಅವನನ್ನು ಏಳು ವರ್ಷ ಹೆಜ್ಜೆಹೆಜ್ಜೆಗೂ ಹಿಂಬಾಲಿಸಿದೆ, ಒಂದು ಬಿರುಕೂ ಸಿಗಲಿಲ್ಲ ಎಂದು ಒಪ್ಪಿಕೊಂಡು, ಕೊಬ್ಬಿನ ಬಣ್ಣದ ಕಲ್ಲನ್ನು ಸುತ್ತಿದ ಕಾಗೆಗೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಕಾಮದೇವನನ್ನೇ ಮಾರನೆಂದು ಬುದ್ಧಚರಿತದ ಕವಿ ಅಶ್ವಘೋಷ ಕರೆದಿರುವುದರಿಂದ ಕಾಮನ ಇನ್ನೊಂದು ಹೆಸರಾದ ಕಂತು ಎಂಬುದನ್ನು ಬಳಸಿದೆ. ಪ್ರಾಸಕ್ಕೂ ಅದು ಒದಗಿತು.

ಸಂಚಾಲಕರು:

ಬಹಳ ಚೆಲುವಾದ ಪೂರಣ. ಗೆಲ್ಲಲು ಬಂದವನ ಬಾಯಿಂದಲೇ ಸೋಲಿನ ಉಪಮೆ ಹೊರಟಿರುವ ಆ ಗಾಥೆ ನನಗೆ ಅತ್ಯಂತ ಪ್ರಿಯವಾದದ್ದು.

ಪೂರಣ 4:

ಚಿಂತೆಯಿಂ ಪೊರಟ ಕೋಸಲದರಸನೈನೂರು
ಕುಂತಧರ ರಾವುತರ ಕೂಡೆ ನಡೆತಂದು
ಸಂತನಾಗಿಹ ಕಳ್ಳನಂ ಕಂಡು ಬೆರಗಾಗಿ
ನಿಂತವನ ಹಿಡಿಯಲಾರದೆ ದಣಿದನೋಡಿ

ಇಲ್ಲಿ ನಿಂತವನು, ಅಂದರೆ ಹಿಂಸೆಯನ್ನು ನಿಲ್ಲಿಸಿದವನು, ಭಿಕ್ಷುವಾದ ಅಂಗುಲಿಮಾಲನೇ. ಐನೂರು ಕುದುರೆ ಸವಾರರೊಡನೆ ಹೊರಟ ಕೋಸಲದ ಪಸೇನದಿ ರಾಜನು ಶ್ರಾವಸ್ತಿಯ ವಿಹಾರವಾದ ಜೇತವನದಲ್ಲಿ ಬುದ್ಧನ ಪಕ್ಕದಲ್ಲಿಯೇ ಕುಳಿತಿದ್ದ ಭಿಕ್ಷುವೇ ತಾನು ಅರಸುತ್ತಿದ್ದವನೆಂದು ತಿಳಿದು ನಡುಗುತ್ತಾನೆ. ದಂಡದಿಂದಲೂ ಶಸ್ತ್ರದಿಂದಲೂ ನಾವು ಪಳಗಿಸಲಾಗದವನನ್ನು ಭಗವಂತರು ಅವೆರಡೂ ಇಲ್ಲದೆ ಪಳಗಿಸಿದರು ಎನ್ನುತ್ತಾನೆ.

ಸಂಚಾಲಕರು:

ನಿಂತವನನ್ನೇ ಬದಲಿಸಿದ ಈ ಕಲ್ಪನೆ ನನಗೆ ಹೊಳೆದಿರಲಿಲ್ಲ. ರಾಜನ ದಣಿವು ಸುತ್ತದಲ್ಲಿಲ್ಲವಾದರೂ ಕವಿಗೆ ಅಷ್ಟು ಸ್ವಾತಂತ್ರ್ಯ ಸಲ್ಲಬೇಕು.

ಅಂಗುಲಿಮಾಲನ ಮುಂದಿನ ಬದುಕನ್ನು ಮಾತ್ರ ಇನ್ನೂ ಯಾರೂ ಮುಟ್ಟಿಲ್ಲ. ಹೆರಿಗೆಯ ನೋವಿನಲ್ಲಿದ್ದ ಹೆಂಗಸಿಗೆ, ಆರ್ಯಜನ್ಮ (ಭಿಕ್ಷುವಿನ ಹೊಸ ಬದುಕು) ಪಡೆದಂದಿನಿಂದ ತಿಳಿದು ಯಾವ ಜೀವವನ್ನೂ ಕೊಂದಿಲ್ಲ ಎಂಬ ತನ್ನ ಸತ್ಯದ ಬಲದಿಂದ ಅವನು ಸುಖಪ್ರಸವವನ್ನು ಹಾರೈಸುತ್ತಾನೆ. ಶ್ರಾವಸ್ತಿಯಲ್ಲಿ ಭಿಕ್ಷೆಗೆ ಹೋದಾಗ ಕಲ್ಲು ದೊಣ್ಣೆಗಳ ಏಟು ಬಿದ್ದು, ತಲೆ ಒಡೆದು, ಪಾತ್ರೆ ಮುರಿದು, ಹರಿದ ಚೀವರದಲ್ಲಿ ಮರಳಿದವನಿಗೆ ಬುದ್ಧ ‘ಸಹಿಸಿಕೋ’ ಎನ್ನುತ್ತಾನೆ. ಇದೇ ಪಾದಕ್ಕೆ ಈ ಎರಡರಲ್ಲಿ ಒಂದನ್ನಾದರೂ ಹೊಂದಿಸುವ ಪೂರಣಗಳಿಗೆ ಹುಣ್ಣಿಮೆಯ ದಿನದವರೆಗೆ ಅವಕಾಶವಿದೆ.