ಸಹಾಯ ಬೇಕು: ನಿಪ್ಪಲ್ ಶೀಲ್ಡ್ ಬಿಡಿಸುವುದು ಹೇಗೆ?

ಅಕ್ಕಂದಿರೇ, ಬಾಣಂತನಕ್ಕೆ ಮಂಡ್ಯದ ತವರಲ್ಲಿದ್ದೇನೆ. ತೊಟ್ಟು ಒಳಗಿದೆ ಅಂತ ಆಸ್ಪತ್ರೆಯಲ್ಲೇ ನರ್ಸ್ ಸಿಲಿಕೋನ್ ಶೀಲ್ಡ್ (ಹಾಲೂಡಿಸುವಾಗ ಮೊಲೆತೊಟ್ಟಿನ ಮೇಲೆ ಹಾಕಿಕೊಳ್ಳುವ ತೆಳು ಕವಚ) ಹಾಕಿಕೊಟ್ಟರು. ಈಗ ಮಗಳು ಅದಿಲ್ಲದೆ ಬಾಯೇ ಹಾಕುವುದಿಲ್ಲ. ಶೀಲ್ಡಲ್ಲೇ ಶುರು ಮಾಡಿ, ಹಾಲು ಇಳಿದು ಅವಳು ಗುಟುಕು ನುಂಗುವಾಗ ಮೆಲ್ಲಗೆ ತೆಗೆಯುತ್ತೇನೆ. ತುಟಿ ಚಾಚಿ ಹುಡುಕುತ್ತಾಳೆ, ಆಮೇಲೆ ಮುಖ ಕೆಂಪಗೆ ಮಾಡಿ ಅಳು. ಅರೆನಿದ್ದೆಯಲ್ಲಿ, ಬರೀ ಮೈಯಲ್ಲಿ ಎದೆ ಮೇಲೆ ಮಲಗಿಸಿಕೊಂಡಾಗ ಮಾತ್ರ ಒಮ್ಮೊಮ್ಮೆ ಹಿಡಿಯುತ್ತಾಳೆ.

ತೂಕ ಏರುತ್ತಿದೆ, ದಿನಕ್ಕೆ 6ಕ್ಕಿಂತ ಜಾಸ್ತಿ ಬಟ್ಟೆ ಒದ್ದೆಯಾಗುತ್ತವೆ. ಹಾಗಾಗಿ ಅವಸರವಿಲ್ಲ. ಅಮ್ಮ ಬಾಟಲಿ ಹಾಲು ಕೊಡು ಅಂತಾರೆ, ನನಗೆ ಅದು ಬೇಡ. ಆದರೆ ಸರಿರಾತ್ರಿಯಲ್ಲಿ ಮಗು ಅಳುವಾಗ ಶೀಲ್ಡ್ ತೊಳೆಯುತ್ತಾ ನಿಲ್ಲುವುದು ತುಂಬಾ ಕಷ್ಟ.

ಬಿಡಿಸಿದವರು ಮಗುವನ್ನು ಹೇಗೆ ಹಿಡಿದುಕೊಂಡಿರಿ? ಮಂಡ್ಯ ಅಥವಾ ಮೈಸೂರಿನಲ್ಲಿ ಹಾಲೂಡಿಸುವುದನ್ನು ಪಕ್ಕದಲ್ಲೇ ಕೂತು ನೋಡಿ ತಿದ್ದುವ ಕೌನ್ಸೆಲರ್ ಇದ್ದರೆ ದಯವಿಟ್ಟು ತಿಳಿಸಿ.