1966ರ ಮಸ್ಟಾಂಗ್ ಗಿಟಾರ್: ಮೇಲೆ ಬಳಿದ ಕಪ್ಪು ಎನಾಮಲ್ ತೆಗೆಯೋದು ಹೇಗೆ?

ಕುಡ್ಲದ ಆರು ತಂತಿ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಯಾವುದೋ ಬಂದರಿನಲ್ಲಿ ಫೆಂಡರ್ ಕಂಪನಿಯ ಮಸ್ಟಾಂಗ್ ಅನ್ನೋ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಕೊಂಡಿದ್ದರು. ಅದೀಗ ನನ್ನ ಕೈಗೆ ಬಂದಿದೆ. ಹಡಗು ಬಿಟ್ಟ ಮೇಲೆ ಅವರು ಮಂಗಳೂರಿನಲ್ಲಿ ಮದುವೆ ಬ್ಯಾಂಡ್ ಸೇರಿದರು. ರೋಸ್ (ಮದುವೆಗೆ ಮುಂಚಿನ ಶಾಸ್ತ್ರ), ಮದುವೆ, ಚರ್ಚಿನ ಹಬ್ಬ ಎಲ್ಲ ಕಡೆ ಇದೇ ಗಿಟಾರ್. ಬ್ಯಾಂಡಿನವರೆಲ್ಲ ಕಪ್ಪು ಕೋಟು ಹೊಲಿಸಿದಾಗ ಗಿಟಾರೂ ಕಪ್ಪಾಗಲಿ ಅಂತ ಗೇಟಿಗೆ ಹೊಡೆಯುವ ಎನಾಮಲ್ ತಂದು ಬ್ರಷ್‌ನಲ್ಲೇ ಬಳಿದಿದ್ದಾರೆ. ಬ್ರಷ್ ಎಳೆದ ಗೆರೆ ಈಗಲೂ ಕಾಣುತ್ತದೆ. ಬ್ರಷ್ಷಿನ ಒಂದು ಕೂದಲೂ ಒಳಗೇ ಉಳಿದಿದೆ, ಮಾರಾಯ್ರೆ.

ಕಂಟ್ರೋಲ್ ಪ್ಲೇಟ್ ಬಿಚ್ಚಿ ನೋಡಿದೆ. ವಾಲ್ಯೂಮ್ ಪಾಟ್ (ಸದ್ದಿನ ತಿರುಗಣೆಯ ಒಳಗಿನ ಭಾಗ) ಬೆನ್ನ ಮೇಲೆ 1376628 ಅಂತ ಇದೆ. ನೆಕ್ ಇನ್ನೂ ತೆಗೆದಿಲ್ಲ. ಪಿಕ್‌ಗಾರ್ಡ್, ಅಂದರೆ ತಂತಿ ಕೆಳಗಿನ ಪ್ಲಾಸ್ಟಿಕ್ ತಗಡು, ಬಿಳಿ, ಮುತ್ತಿನ ಹಾಗೆ ಹೊಳೆಯುತ್ತದೆ.

ನನ್ನ ಯೋಚನೆ ಇಷ್ಟು: ಕಪ್ಪು ಬಣ್ಣ ಪೂರ್ತಿ ತೆಗೆದು, ಮರ ಕಾಣುವ ಹಾಗೆ ಕ್ಲಿಯರ್ ಪಾಲಿಷ್ ಮಾಡಿಸೋದು. ನಮ್ಮ ಬೀದಿಯ ಆಚಾರಿ ಮೆಷಿನ್‌ನಲ್ಲಿ ಉಜ್ಜಿ ಮೆಲಮೈನ್ ಹೊಡೆದು ಕೊಡ್ತೇನೆ, ನಾಳೆಯೇ ತನ್ನಿ ಅಂತಿದ್ದಾರೆ. ಕೊಡಲಾ?

ಡೆಂಟಿಂಗ್ ಪೇಂಟಿಂಗ್:

ಆಚಾರಿಗೆ ಒಂದು ಟೀ ಕುಡಿಸಿ ವಾಪಸ್ ಕಳಿಸಿ. ಒಳ್ಳೆಯವರೇ ಇರಬಹುದು, ಆದರೆ ಈ ಕೆಲಸಕ್ಕೆ ಬೇಡ.

ನಮ್ಮ ತಂದೆಯದು ಶಿವಮೊಗ್ಗದಲ್ಲಿ ಕಾರು ಪೇಂಟ್ ಮಾಡುವ ಗ್ಯಾರೇಜ್ ಇತ್ತು. ಅಂಬಾಸಿಡರ್, ಫಿಯಟ್ ಎಲ್ಲದಕ್ಕೂ ಎನ್‌ಸಿ ಪೇಂಟ್ ಹೊಡೆಯುತ್ತಿದ್ದ ಕಾಲ. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್. ನಾನು ಸ್ಪ್ರೇ ಗನ್ ಹಿಡಿಯೋದು ಕಲಿತದ್ದು ಅಲ್ಲೇ. ಈಗ ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಮೊದಲು ನಿಮ್ಮ ನಂಬರ್. 137 ಅಂದರೆ ಆ ಪಾಟ್ ಮಾಡಿದ್ದು ಸಿಟಿಎಸ್ ಕಂಪನಿ. 66 ಅಂದರೆ 1966. 28 ಅಂದರೆ ಆ ವರ್ಷದ 28ನೇ ವಾರ, ಅಂದರೆ ಜುಲೈ. ಗಿಟಾರ್ ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ, ಕೆಲವು ತಿಂಗಳು ಹೊಸದಿರಬಹುದು. ನೆಕ್ಕಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಅದರ ಹಿಮ್ಮಡಿಯಲ್ಲಿ ತಿಂಗಳು, ವರ್ಷದ ಮೊಹರು ಇರಬೇಕು. ಕೊನೆಯಲ್ಲಿ ಬಿ ಅಕ್ಷರ ಇದ್ದರೆ ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಗಲ 1 5/8 ಇಂಚು, ಎ ಇದ್ದರೆ 1 1/2.

ಇನ್ನು ಪಿಕ್‌ಗಾರ್ಡ್. ಮಸ್ಟಾಂಗ್ 1964ರಲ್ಲಿ ಬಂದಾಗ ಮೂರೇ ಬಣ್ಣ: ಕೆಂಪು, ನೀಲಿ, ಬಿಳಿ. ಬಿಳಿ ಗಿಟಾರಿಗೆ ಆಮೆ ಚಿಪ್ಪಿನ ಥರ ಕೆಂಪು ಗಾರ್ಡ್ ಹಾಕುತ್ತಿದ್ದರು. ಕೆಂಪು, ನೀಲಿಗೆ ಬಿಳಿ ಮುತ್ತಿನದ್ದು. ನಿಮ್ಮದು ಮುತ್ತಿನದ್ದು. ಗಾರ್ಡ್ ಬದಲಾಗಿಲ್ಲ ಅಂದರೆ ಆ ಕಪ್ಪಿನ ಕೆಳಗೆ ಕೆಂಪು ಅಥವಾ ನೀಲಿ ಕೂತಿದೆ. ಮೆಷಿನ್ ಇಟ್ಟರೆ ಅದು ಹತ್ತು ನಿಮಿಷದಲ್ಲಿ ಪುಡಿ.

ಮರ ಕಾಣಿಸುವ ಆಸೆ ಬಿಡಿ. ಆ ಕಾಲದ ಮಸ್ಟಾಂಗ್ ಬಾಡಿ ಹೆಚ್ಚಾಗಿ ಪಾಪ್ಲರ್ ಮರ. ತೇಗ, ಬೀಟೆ ಥರ ಚೆಂದದ ಗೆರೆ ಅದಕ್ಕಿಲ್ಲ. ಅಲ್ಲಲ್ಲಿ ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಕಲಿಯುವ ಹುಡುಗರಿಗೆ ಅಂತ ಮಾಡಿದ ಅಗ್ಗದ ಗಿಟಾರ್ ಅದು, ಬಣ್ಣದಲ್ಲಿ ಮುಚ್ಚಲಿಕ್ಕೆಂದೇ ಆ ಮರ ಆರಿಸಿದ್ದು.

ಈಗ ಕೆಲಸ. ಹೀಟ್ ಗನ್ ಬೇಡವೇ ಬೇಡ. ಕಪ್ಪಿನ ಕೆಳಗಿರುವ ಕಾರ್ಖಾನೆಯ ಬಣ್ಣ ಇದೇ ಎನ್‌ಸಿ ಲ್ಯಾಕರ್ ಇರಬೇಕು, ನೈಟ್ರೋಸೆಲ್ಯುಲೋಸ್ ಕಿಡಿ ತಾಗಿದರೆ ಭಗ್ಗನೆ ಉರಿಯುವ ಪದಾರ್ಥ. ಪೇಂಟ್ ರಿಮೂವರ್ ಬೇಡ, ಅದಕ್ಕೆ ಮೇಲಿನದು ಕೆಳಗಿನದು ಅಂತ ಗೊತ್ತಾಗಲ್ಲ, ಎರಡನ್ನೂ ಕಿತ್ತು ತರುತ್ತದೆ. ಎನ್‌ಸಿ ಥಿನ್ನರ್ ಇನ್ನೂ ಕೆಟ್ಟದು. ಕಪ್ಪು ಎನಾಮಲ್ ಸುಕ್ಕುಗಟ್ಟುವಷ್ಟರಲ್ಲಿ ಒಳಗಿನ ಹಳೆ ಲ್ಯಾಕರ್ ಕರಗಿ ಹೋಗಿರುತ್ತದೆ. ಟರ್ಪೆಂಟೈನ್ ಹಾಕಿ ಉಜ್ಜಿದರೆ ಒಣಗಿ ಕೂತ ಎನಾಮಲ್‌ಗೆ ಏನೂ ಆಗಲ್ಲ.

ಉಳಿದದ್ದು ಬ್ಲೇಡ್. ಕಟರ್ ಬ್ಲೇಡ್ ಹೊಸದು ತಗೊಳ್ಳಿ. ಎರಡೂ ಮೂಲೆಗೆ ಟೇಪ್ ಸುತ್ತಿ, ಮೂಲೆ ಚುಚ್ಚಬಾರದು. ಬ್ಲೇಡನ್ನು ಹೆಚ್ಚುಕಡಿಮೆ ನೆಟ್ಟಗೆ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಒತ್ತಬೇಡಿ. ತೆಂಗಿನಕಾಯಿ ಸಿಪ್ಪೆಯ ಕಪ್ಪು ತೆಗೆದ ಹಾಗೆ, ಬಿಳಿಗೆ ತಾಗದ ಹಾಗೆ. ದೊಡ್ಡಪ್ಪ ಬಳಿಯುವ ಮುಂಚೆ ಉಪ್ಪುಕಾಗದ ಉಜ್ಜಿರಲಿಲ್ಲ ಅಂದರೆ ನಿಮ್ಮ ಅದೃಷ್ಟ. ನುಣುಪಾದ ಲ್ಯಾಕರ್ ಮೇಲೆ ಎನಾಮಲ್ ಗಟ್ಟಿಯಾಗಿ ಹಿಡಿಯಲ್ಲ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಉಜ್ಜಿದ್ದರೆ ನಿಧಾನ.

ಶುರು ಮಾಡೋದು ಮುಂಭಾಗದಲ್ಲಲ್ಲ. ಬ್ರಿಜ್ ಕೆಳಗೋ, ಕಂಟ್ರೋಲ್ ಪ್ಲೇಟ್ ಅಂಚಿನಲ್ಲೋ ಉಗುರಿನಷ್ಟು ಜಾಗ ಕೆರೆದು ಏನು ಕಾಣುತ್ತದೆ ಹೇಳಿ. ಅಲ್ಲೇ ಹತ್ತಿಕಡ್ಡಿಗೆ ಒಂದು ಹನಿ ಅಸಿಟೋನ್ ಹಚ್ಚಿ ಮುಟ್ಟಿಸಿ. ಬಣ್ಣ ಹತ್ತಿಗೆ ಬಂದರೆ ಲ್ಯಾಕರ್.

ಮಾಸ್ಕ್ ಹಾಕಿ. ಹಳೆ ಎನಾಮಲ್‌ಗಳಲ್ಲಿ ಸೀಸ ಸಾಮಾನ್ಯ. ನಮ್ಮಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಕೆರೆಯುವಾಗ ಫ್ಯಾನ್ ಆಫ್, ಕೆಳಗೆ ಪೇಪರ್, ಮಕ್ಕಳು ದೂರ.

ಸ್ಯಾನ್ ಹೊಸೆ ಶ್ಯಾವಿಗೆ:

ಮೇಲಿನವರು ಹೇಳಿದ್ದು ಸರಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಳೆ ಗಿಟಾರ್ ವ್ಯಾಪಾರದವರು ಒಂದು ಲೆಕ್ಕ ಹೇಳುತ್ತಾರೆ: ಪೂರ್ತಿ ಹೊಸ ಬಣ್ಣ ಹೊಡೆಸಿದರೆ ಬೆಲೆ ಹತ್ತಿರ ಹತ್ತಿರ ಅರ್ಧ. ನೀವು ಮಾರಲ್ಲ ಅಂತ ಗೊತ್ತು, ಆದರೂ ತಿಳಿದಿರಲಿ.

ನೆಕ್ ಬಿಚ್ಚಿದಾಗ ಅದು ಕೂರುವ ಗುಂಡಿಯನ್ನೂ ನೋಡಿ. ಅರವತ್ತರ ದಶಕದಲ್ಲಿ ಫೆಂಡರ್‌ನವರು ಅಲ್ಲಿಗೆ ಒಂದು ಕಡ್ಡಿ ಬಿಗಿದು, ಅದನ್ನೇ ಹಿಡಿಕೆ ಮಾಡಿಕೊಂಡು ಬಣ್ಣ ಹೊಡೆಯುತ್ತಿದ್ದರು. ಕಡ್ಡಿ ಇದ್ದ ಕಡೆ ಬಣ್ಣ ತಾಗದೆ ಒಂದು ಪಟ್ಟಿ ಉಳಿದಿರುತ್ತದೆ. ಪಟ್ಟಿ ಕಂಡರೆ ಕೆಳಗಿನದು ಕಾರ್ಖಾನೆಯ ಬಣ್ಣ ಅನ್ನೋದಕ್ಕೆ ಒಳ್ಳೆ ಗುರುತು. ಗುಂಡಿ ಪೂರ್ತಿ ಮುಚ್ಚಿದ್ದರೆ ದೊಡ್ಡಪ್ಪನಿಗಿಂತ ಮುಂಚೆಯೇ ಯಾರೋ ಕೈ ಆಡಿಸಿದ್ದಾರೆ ಅಂತ ಅನುಮಾನ ಪಡಬೇಕು.

ಮಲ್ಲಿಗೆ ಆಂಪ್ಲಿಫೈಯರ್:

ನನ್ನದು ಬೇರೆ ಅಭಿಪ್ರಾಯ. ಕಪ್ಪನ್ನು ಯಾಕೆ ತೆಗೀಬೇಕು? ಆ ಬ್ರಷ್ ಗೆರೆ ನಿಮ್ಮ ದೊಡ್ಡಪ್ಪನ ಕೈಯದು. ಅಮೆರಿಕದ ಕಾರ್ಖಾನೆ ಕೆಲಸಗಾರನ ಬಣ್ಣಕ್ಕಿಂತ ಅದು ನಿಮಗೆ ಹತ್ತಿರ ಅಲ್ವಾ? ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೂಡ 1961ರ ನೀಲಿ ಸ್ಟ್ರಾಟೊಕಾಸ್ಟರ್‌ಗೆ 1967ರಲ್ಲಿ ತಾನೇ ಕಣ್ಣು ಕುಕ್ಕುವ ಡೇ-ಗ್ಲೋ ಬಣ್ಣ ಬಳಿದ. ತುದಿಗೆ ಹೆಂಡತಿಯ ನೇಲ್ ಪಾಲಿಷ್. ಅದನ್ನು ಕೆರೆದು ಸರಿ ಮಾಡೋಣ ಅಂತ ಯಾರಾದರೂ ಹೇಳ್ತಾರಾ?

ಡೆಂಟಿಂಗ್ ಪೇಂಟಿಂಗ್:

ಹ್ಯಾರಿಸನ್ ಚಿತ್ರ ಬರೆದ. ಇಲ್ಲಿ ಗೇಟ್ ಪೇಂಟ್ ಬಳಿದಿದೆ. ಆದರೂ ಮಲ್ಲಿಗೆಯವರ ಮಾತಲ್ಲಿ ಅರ್ಥ ಇದೆ. ಕೆರೆಯೋದಕ್ಕೆ ಮುಂಚೆ ಒಂದು ವಾರ ಯೋಚನೆ ಮಾಡಿ. ಕಪ್ಪು ಎಲ್ಲಿಗೂ ಓಡಿ ಹೋಗಲ್ಲ.

ಕುಡ್ಲದ ಆರು ತಂತಿ:

ಯೋಚನೆ ಮಾಡಿದೆ, ದೊಡ್ಡಮ್ಮನನ್ನೂ ಕೇಳಿದೆ. "ಆ ಕಪ್ಪು ನನಗೆ ಯಾವತ್ತೂ ಇಷ್ಟ ಇರಲಿಲ್ಲ, ಮೊದಲು ಚೆಂದ ಇತ್ತು" ಅಂದರು. ಮೊದಲು ಯಾವ ಬಣ್ಣ ಅಂದರೆ "ಆಕಾಶದ್ದು" ಅಂತ. ಉಪ್ಪುಕಾಗದ ಉಜ್ಜಿದ ನೆನಪಿಲ್ಲವಂತೆ, ಮದುವೆ ಮುನ್ನಾದಿನ ಅಂಗಳದಲ್ಲಿ ಕೂತು ಗಡಿಬಿಡಿಯಲ್ಲಿ ಬಳಿದದ್ದಂತೆ.

ನೆಕ್ ಬಿಚ್ಚಿದೆ. ಮೊಹರಿನಲ್ಲಿ ಸೆಪ್ಟೆಂಬರ್ 66, ಕೊನೆಗೆ ಬಿ. ಗುಂಡಿಯಲ್ಲಿ ಬಣ್ಣವಿಲ್ಲದ ಪಟ್ಟಿಯೂ ಇದೆ!

ಆದರೆ ಒಂದು ಗೊಂದಲ. ಪಿಕ್‌ಗಾರ್ಡ್ ಕೆಳಗೆ ಕೆರೆಯುವುದೇ ಬೇಕಾಗಲಿಲ್ಲ, ಅಲ್ಲಿ ಎನಾಮಲ್ ಹೋಗಿಯೇ ಇಲ್ಲ. ತಿಳಿ ನೀಲಿ. ಬಾಡಿಯ ಬೆನ್ನಲ್ಲಿ ಕೆರೆದರೆ ಮಾತ್ರ ಹಸಿರು ಬರುತ್ತಿದೆ, ಎಳೆ ಬಾಳೆ ಎಲೆ ಬಣ್ಣ. ಅಸಿಟೋನ್ ಹಚ್ಚಿದರೆ ಎರಡೂ ಕಡೆ ಹತ್ತಿಗೆ ಬರುತ್ತದೆ. ನಡುವೆ ಇನ್ನೊಬ್ಬರು ಹಸಿರು ಹೊಡೆದಿದ್ದಾರಾ?

ಡೆಂಟಿಂಗ್ ಪೇಂಟಿಂಗ್:

ಇಲ್ಲ ಇಲ್ಲ, ಅದೇ ನೀಲಿ! ಆ ತಿಳಿ ನೀಲಿಗೆ ಫೆಂಡರ್‌ನವರ ಹೆಸರು ಡ್ಯಾಫ್ನಿ ಬ್ಲೂ. ಬಣ್ಣದ ಮೇಲೆ ಕ್ಲಿಯರ್ ಲ್ಯಾಕರ್ ಇರುತ್ತದೆ. ನೈಟ್ರೋ ಲ್ಯಾಕರ್ ಬೆಳಕಿಗೆ ಹಳದಿಯಾಗುತ್ತದೆ. ನೀಲಿಯ ಮೇಲೆ ಹಳದಿ ಕೂತರೆ ಕಣ್ಣಿಗೆ ಹಸಿರು. ದೊಡ್ಡಪ್ಪ ಕಪ್ಪು ಬಳಿಯುವ ಮುಂಚೆಯೇ ಅದು ವರ್ಷಗಟ್ಟಲೆ ಬೆಳಕು ಕಂಡಿತ್ತು. ಗಾರ್ಡ್ ಕೆಳಗೆ ಬೆಳಕು ಹೋಗಿಲ್ಲ, ಅದಕ್ಕೇ ನೀಲಿ ಉಳಿದಿದೆ.

ದಯವಿಟ್ಟು ಆ ಹಳದಿಯನ್ನು ಉಜ್ಜಿ ನೀಲಿ ಮಾಡಲು ಹೋಗಬೇಡಿ. ಆ ಕ್ಲಿಯರ್ ತುಂಬ ತೆಳು. ಅದು ಹೋದ ಮರುಕ್ಷಣ ಬಣ್ಣವೂ ಹೋಗುತ್ತದೆ. ದೊಡ್ಡಮ್ಮನಿಗೆ ಹಸಿರು ಕಂಡರೆ ಗಾರ್ಡ್ ಎತ್ತಿ ತೋರಿಸಿ.

ಹಿಂಭಾಗ, ಮುಂಭಾಗದ ಚಪ್ಪಟೆ ಜಾಗ ಮೊದಲು ಮುಗಿಸಿ. ಅಂಚು ಕೊನೆಗೆ. ಅಂಚಲ್ಲಿ ಲ್ಯಾಕರ್ ಯಾವಾಗಲೂ ತೆಳುವಾಗಿರುತ್ತದೆ, ಬ್ಲೇಡ್ ಒಂದು ಸಲ ಜಾರಿದರೆ ಮರ. ಅಲ್ಲಿ ಸ್ವಲ್ಪ ಕಪ್ಪು ಉಳಿದರೆ ಉಳಿಯಲಿ. ಬ್ಲೇಡ್ ಆದ ಮೇಲೆ 2000 ನಂಬರ್ ವಾಟರ್ ಪೇಪರ್, ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಸೋಪು. ಬರೀ ಗೀರು ಇರುವ ಕಡೆ. ಸ್ಕ್ರೂ ತೂತುಗಳಿಗೆ ಮುಂಚೆಯೇ ಮೇಣ ತುಂಬಿ. ನೀರು ಒಳಗೆ ಹೋದರೆ ಮರ ಉಬ್ಬಿ ಸುತ್ತ ಲ್ಯಾಕರ್ ಒಡೆಯುತ್ತದೆ. ಆಮೇಲೆ ಕಾರಿಗೆ ಹಾಕುವ ಸಣ್ಣ ರಬ್ಬಿಂಗ್ ಕಾಂಪೌಂಡ್, ಹತ್ತಿ ಬಟ್ಟೆಯಲ್ಲಿ, ಕೈಯಿಂದಲೇ.

ಕುಡ್ಲದ ಆರು ತಂತಿ:

ಬೆನ್ನು ಹೆಚ್ಚುಕಡಿಮೆ ಆಯಿತು. ಚಕ್ಕೆ ಚಕ್ಕೆಯಾಗಿಯೇ ಏಳುತ್ತಿದೆ, ನೀವು ಹೇಳಿದ ಹಾಗೆ. ಬೆಲ್ಟ್ ಬಕಲ್ ತಾಗಿ ಮೊದಲೇ ಮರ ಕಾಣುತ್ತಿದ್ದ ಒಂದು ಜಾಗ ಸಿಕ್ಕಿತು, ಅಲ್ಲಿ ಎನಾಮಲ್ ಮರಕ್ಕೇ ಇಳಿದಿದೆ. ಅದಕ್ಕೆ ಏನು ಮಾಡಲಿ? ಮತ್ತೆ ಕೊನೆಗೆ ಪೂರ್ತಿ ಒಂದು ಕ್ಲಿಯರ್ ಕೋಟ್ ಹೊಡೆಸಬೇಕಾ? ಇಲ್ಲಿ ಮಳೆ ಶುರುವಾಗಿದೆ.

ಡೆಂಟಿಂಗ್ ಪೇಂಟಿಂಗ್:

ಮರಕ್ಕೆ ಇಳಿದದ್ದನ್ನು ಮುಟ್ಟಬೇಡಿ, ಕಲೆಯಾಗಿ ಇರಲಿ. ಪೂರ್ತಿ ಕೋಟ್ ಬೇಡ. ಬರಿ ಮರ ಇರುವ ಜಾಗಕ್ಕೆ ಬೆವರು ಇಳಿಯದ ಹಾಗೆ ಸಣ್ಣ ಬ್ರಷ್‌ನಲ್ಲಿ ತೆಳುವಾಗಿ ಎನ್‌ಸಿ ಕ್ಲಿಯರ್ ಹಚ್ಚಿದರೆ ಸಾಕು. ಹೊಸ ನೈಟ್ರೋ ಹಳೆ ನೈಟ್ರೋವನ್ನು ಸ್ವಲ್ಪ ಕರಗಿಸಿ ಅದರ ಜೊತೆಯೇ ಬೆಸೆದುಕೊಳ್ಳುತ್ತದೆ. ಪಿಯು (ಪಾಲಿಯುರೆಥೇನ್) ಹಾಗೆ ಬೆಸೆಯಲ್ಲ, ಮುಂದೆ ತೆಗೆಯಲೂ ಆಗಲ್ಲ. ಅಂಗಡಿಯಲ್ಲಿ ಸುಮ್ನೆ ಡ್ಯೂಕೋ ಕೊಡಿ ಅಂದರೆ ಪಿಯು ಕೊಟ್ಟರೂ ಕೊಟ್ಟರು, ಡಬ್ಬಿ ಮೇಲೆ ನೈಟ್ರೋಸೆಲ್ಯುಲೋಸ್ ಅಂತ ಓದಿಯೇ ದುಡ್ಡು ಕೊಡಿ.

ಆದರೆ ಈಗಲ್ಲ. ಮಂಗಳೂರಿನ ಮಳೆಯಲ್ಲಿ ಲ್ಯಾಕರ್ ಡಬ್ಬಿ ತೆರೆಯಲೇಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬೆಳ್ಳಗೆ ಮಂಜು ಹಿಡಿಯುತ್ತದೆ. ನಿಧಾನ ಆರುವ ರಿಟಾರ್ಡರ್ ಥಿನ್ನರ್ ಹಾಕಿ ಸರಿ ಮಾಡಬಹುದು, ಆದರೆ ಯಾಕೆ ಆ ತಲೆನೋವು? ಡಿಸೆಂಬರ್‌ನಲ್ಲಿ ಒಣ ಹವೆ ಇರುವ ಬೆಳಿಗ್ಗೆ ನೋಡಿ ಹಚ್ಚಿ.

ಅಲ್ಲಿಯವರೆಗೆ ಗಿಟಾರ್ ಜೋಡಿಸಿ ನುಡಿಸಿ. ಮಸ್ಟಾಂಗ್‌ನ ಎರಡು ಸ್ಲೈಡ್ ಸ್ವಿಚ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಊದಿ, ಹತ್ತಿಪ್ಪತ್ತು ಸಲ ಆಚೀಚೆ ಆಡಿಸಿ. ಸಮುದ್ರದ ಗಾಳಿಗೆ ಅವು ಕಿಲುಬು ಹಿಡಿದೇ ಇರುತ್ತವೆ. ಬಣ್ಣಕ್ಕೆ ಮಾತ್ರ ಕ್ಲೀನರ್ ತಾಗಿಸಬೇಡಿ.